ಕೆಂಚಪ್ಪನ ಮರಿ, ಫ್ರೆಂಚರ ಪುಸ್ತಕ

ನಮ್ಮ ಮನೆಯಲ್ಲಿ ಕುರಿಮರಿಗಳಿಗೆ ಅವುಗಳದೇ ಒಂದು ಕೋಣೆ ಇತ್ತು. ಮನುಷ್ಯರಲ್ಲಿ ಯಾರಿಗೂ ಇರಲಿಲ್ಲ. ಕೊಟ್ಟೂರಿನಿಂದ ಉಜ್ಜಿನಿಯ ಕಡೆ ಹೋಗುವ ದಾರಿಯಲ್ಲಿ, ಊರು ಮುಗಿದು ಹೊಲ ಶುರುವಾಗುವ ಜಾಗದಲ್ಲಿದ್ದ ಮಣ್ಣಿನ ಮಾಳಿಗೆಯ ಮನೆ ಅದು. ಬಾಗಿಲು ದಾಟಿದರೆ ಪಡಸಾಲೆ, ಅದರ ಎಡಕ್ಕೆ ಒಲೆಯ ಮೂಲೆ, ಬಲಕ್ಕೆ ಮೊಣಕಾಲೆತ್ತರದ ಗೋಡೆ ಹಾಕಿ ಬೇರೆ ಮಾಡಿದ ಮರಿಗಳ ಕೋಣೆ. ದೊಡ್ಡ ಕುರಿಗಳು ಬೆಳಿಗ್ಗೆ ಅಪ್ಪನ ತಮ್ಮ ಮೈಲಾರಿ ಕಾಕನ ಹಿಂದೆ ಮೇಯಲು ಹೋದರೆ, ಅಷ್ಟು ದೂರ ನಡೆಯಲಾರದ ಮರಿಗಳು ಮನೆಯಲ್ಲೇ ಉಳಿಯುತ್ತಿದ್ದವು. ಅವನ್ನು ನೋಡಿಕೊಳ್ಳುವುದು ಹೆಂಗಸರ ಮತ್ತು ಮಕ್ಕಳ ಕೆಲಸ. ಬೇವಿನ ಸೊಪ್ಪು ಕಟ್ಟುವುದು, ನೀರಿಡುವುದು, ಹಿಕ್ಕೆ ಗುಡಿಸುವುದು, ಒಂದರ ಮೇಲೊಂದು ಮಲಗಿ ಉಸಿರುಗಟ್ಟದಂತೆ ಆಗಾಗ ಬಿಡಿಸುವುದು. ಹಾಲು, ಉಚ್ಚೆ, ಹಸಿ ಉಣ್ಣೆ ಮೂರೂ ಕಲೆತ ಒಂದು ಬೆಚ್ಚನೆಯ ವಾಸನೆ ಆ ಕೋಣೆಯಿಂದ ಎದ್ದು ಇಡೀ ಮನೆಯಲ್ಲಿ ನಿಂತಿರುತ್ತಿತ್ತು. ನಮ್ಮ ಬಟ್ಟೆಯಲ್ಲೂ ಅದೇ, ಅನ್ನದಲ್ಲೂ ಅದೇ. ಶಾಲೆಯಲ್ಲಿ ನನ್ನ ಪಕ್ಕ ಕೂರುವ ಹುಡುಗಿಯರು ಸ್ವಲ್ಪ ಸರಿದು ಕೂರುತ್ತಿದ್ದರು. ನನಗೆ ಅದು ಗೊತ್ತಾದದ್ದು ಬಹಳ ತಡವಾಗಿ, ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ, ಯಾರೂ ಸರಿಯದೆ ಕೂತಾಗ.

ಈ ಅಧ್ಯಾಯವನ್ನು ನಾನು ಎರಡು ಸಲ ಬರೆದು ಹರಿದಿದ್ದೇನೆ. ಮೊದಲನೆಯದರಲ್ಲಿ ನಾನು ಇದ್ದದ್ದಕ್ಕಿಂತ ಜಾಣೆಯಾಗಿದ್ದೆ, ಎರಡನೆಯದರಲ್ಲಿ ಇದ್ದದ್ದಕ್ಕಿಂತ ಕೆಟ್ಟವಳಾಗಿದ್ದೆ. ಎರಡೂ ಓದಲು ಚೆನ್ನಾಗಿದ್ದವು, ಅದೇ ನನಗೆ ಅನುಮಾನ ತಂದದ್ದು. ಚಿಕ್ಕಂದಿನಿಂದಲೂ ದಿನಚರಿ ಬರೆಯುವ ಚಟ ನನಗಿದೆ. ಕೂಡ್ಲಿಗಿಯ ಶಾಲೆಯಲ್ಲಿ ಮಾಸ್ತರನಾಗಿದ್ದ ಅಪ್ಪ, ವರ್ಷದ ಕೊನೆಗೆ ಮಕ್ಕಳ ನೋಟುಬುಕ್ಕುಗಳಲ್ಲಿ ಉಳಿದ ಖಾಲಿ ಹಾಳೆಗಳನ್ನು ಹೊಲಿದು ನನಗೆ ಕೊಡುತ್ತಿದ್ದ. ಆದರೆ ಐದನೇ ತರಗತಿಯ ಆ ದಿನಚರಿ ತೆರೆದರೆ ಏನು ಉಂಡೆವು, ಯಾರು ಬಂದರು, ಯಾವ ಕುರಿ ಈಯಿತು, ಇಷ್ಟೇ. ನನಗೆ ಬೇಕಾದ ದಿನಗಳ ಹಾಳೆ ಖಾಲಿ. ಹಾಗಾಗಿ ಇಲ್ಲಿ ಬರೆಯುವುದಕ್ಕೆಲ್ಲ ನನ್ನ ನೆನಪೊಂದೇ ಸಾಕ್ಷಿ, ಮತ್ತು ಈ ಸಾಕ್ಷಿಯನ್ನು ಒಮ್ಮೆ ಹಿರಿಯರ ಎದುರು ನಿಲ್ಲಿಸಿ ನೋಡಿದ್ದಾಗಿದೆ.

ಪುಸ್ತಕ ಬಂದದ್ದು ಹರಪನಹಳ್ಳಿಯ ಸಂತೆಯಿಂದ. ಶಾಲೆಯ ಪುಸ್ತಕಗಳಿಗೆ ಹೊದಿಕೆ ಹಾಕಲು ಅಪ್ಪ ಒಂದು ಕಟ್ಟು ರದ್ದಿ ಕಾಗದ ತಂದಿದ್ದ. ಅದರೊಳಗೆ ರಟ್ಟು ಕಿತ್ತುಹೋದ ಒಂದು ಕಾದಂಬರಿ ಸಿಕ್ಕಿತು. ಹೆಸರಿರಲಿಲ್ಲ, ಬರೆದವರ ಹೆಸರೂ ಇರಲಿಲ್ಲ. ಅರ್ಧ ಹರಿದ ಮುನ್ನುಡಿಯ ಹಾಳೆಯಿಂದ ಗೊತ್ತಾದದ್ದು ಇಷ್ಟೇ: ಇದು ಫ್ರೆಂಚರ ಪತ್ತೇದಾರಿ ಕಥೆ, ಯಾರೋ ಪುಣ್ಯಾತ್ಮರು ಕನ್ನಡಕ್ಕೆ ಇಳಿಸಿದ್ದಾರೆ. ಅವರು ಧಾರಾಳವಾಗಿಯೇ ಇಳಿಸಿದ್ದರು. ಅಲ್ಲಿಯ ಜನ ರೊಟ್ಟಿ ತಿನ್ನುತ್ತಿದ್ದರು, ದ್ರಾಕ್ಷಿ ರಸ ಕುಡಿಯುತ್ತಿದ್ದರು, ಒಬ್ಬರಿಗೊಬ್ಬರು ‘ಮಹಾಶಯ’ ಅನ್ನುತ್ತಿದ್ದರು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅಪ್ಪ ಅದನ್ನು ಗಟ್ಟಿಯಾಗಿ ಓದುತ್ತಿದ್ದ. ಅಜ್ಜಿ ಕಂಬಳಿಯ ನೂಲು ತೆಗೆಯುತ್ತ ಕೇಳುತ್ತಿದ್ದಳು, ಅವ್ವ ಶೇಂಗಾ ಸುಲಿಯುತ್ತ ಕೇಳುತ್ತಿದ್ದಳು, ಕಾಕ ಕುರಿಗಳನ್ನು ಹಿತ್ತಲ ನೆರಳಿಗೆ ತಂದು ನಿಲ್ಲಿಸಿ ಬಾಗಿಲಲ್ಲೇ ಕುಕ್ಕರಗಾಲಲ್ಲಿ ಕೂತು ಕೇಳುತ್ತಿದ್ದ. ದ್ರಾಕ್ಷಿ ಬೆಳೆಯುತ್ತಾರೆ ಅಂದಮೇಲೆ ಅದು ನೀರಾವರಿಯ ಊರು, ಅಂಥವರಿಗೆ ಕೊಲೆ ಮಾಡಲು ಪುರುಸೊತ್ತು ಇರುತ್ತದೆ ಎಂದು ಅಜ್ಜಿ ಮೊದಲ ದಿನವೇ ತೀರ್ಮಾನ ಕೊಟ್ಟಳು.

ಕಥೆ ಹೀಗಿತ್ತು. ಹೊಳೆಯ ದಂಡೆಯ ಒಂದು ಊರಲ್ಲಿ ಒನೊರೆ ಎಂಬ ಬಡವ, ಕೈಗವಸು ಹೊಲಿಯುವವನು. ಒಬ್ಬ ಮುದುಕಿಯ ಮನೆಯ ಅಟ್ಟದಲ್ಲಿ ಬಾಡಿಗೆಗಿದ್ದ. ಒಂದು ಸಂಜೆ ಅವನು ತಂದುಕೊಟ್ಟ ಸಾರು ಕುಡಿದು ಮುದುಕಿ ಸತ್ತಳು. ಸಾರಿನಲ್ಲಿ ಇಲಿ ಪಾಷಾಣವಿತ್ತು. ಅವನನ್ನು ಹಿಡಿದು ಜೈಲಿಗೆ ಹಾಕಿದರು. ಅವನನ್ನು ಬಿಡಿಸಲು ಹೊರಟವನು ಪೊಲೀಸನಲ್ಲ, ವಕೀಲನಲ್ಲ, ಕೆಲಸದಿಂದ ನಿವೃತ್ತನಾದ ಒಬ್ಬ ಸ್ಟೇಷನ್ ಮಾಸ್ತರ. ವಿಚಿತ್ರ ಮನುಷ್ಯ. ಅವನ ಮನೆಯಲ್ಲಿ ಹನ್ನೊಂದು ಗಡಿಯಾರಗಳು, ಹನ್ನೊಂದೂ ನಿಂತವು. ಯಾರಾದರೂ ತನಗೆ ಸುಳ್ಳು ಹೇಳಿದ ಗಳಿಗೆಗೆ ಒಂದೊಂದನ್ನು ನಿಲ್ಲಿಸಿಟ್ಟಿದ್ದ. ಅನುಮಾನ ಬಂದ ಮನೆಯಿಂದ ಹೊರಡುವಾಗ ಹಿಮ್ಮುಖವಾಗಿ ನಡೆಯುತ್ತಿದ್ದ. ಯಾರನ್ನೂ ‘ನೀನು ಎಲ್ಲಿದ್ದೆ’ ಎಂದು ಕೇಳುತ್ತಿರಲಿಲ್ಲ, ‘ಏನು ಉಂಡೆ, ಯಾವ ಕೈಯಲ್ಲಿ ಉಂಡೆ’ ಎಂದು ಕೇಳುತ್ತಿದ್ದ. ಕೊನೆಗೆ ಎಲ್ಲರನ್ನೂ ಆ ಮುದುಕಿಯ ಅಡುಗೆಮನೆಗೆ ಕರೆಸಿ, ಅದೇ ಕುರ್ಚಿ, ಅದೇ ಸಾರು, ಅದೇ ಸೌಟು ಇಟ್ಟು, ಆ ಸಂಜೆ ಯಾರು ಏನು ಮಾಡಿದ್ದರೋ ಅದನ್ನೇ ಮತ್ತೆ ಮಾಡಿಸಿದ. ಆಗ ಗೊತ್ತಾಯಿತು, ಕೊಲೆ ಆಗಿಯೇ ಇರಲಿಲ್ಲ. ಮುದುಕಿಗೆ ಕಣ್ಣು ಮಂಜಾಗಿತ್ತು, ಅದನ್ನು ಯಾರಿಗೂ ಹೇಳಿಕೊಂಡಿರಲಿಲ್ಲ. ಉಪ್ಪಿನ ಡಬ್ಬಿಯೆಂದು ಪಾಷಾಣದ ಡಬ್ಬಿಗೆ ಅವಳೇ ಕೈ ಹಾಕಿದ್ದಳು. ಒನೊರೆ ಬಿಡುಗಡೆಯಾದ. ಅಪ್ಪ ಈ ಭಾಗ ಓದಿದ ದಿನ ನನಗೆ ಆಶ್ಚರ್ಯವಾದದ್ದು ಬೇರೆಯದು. ಸ್ಟೇಷನ್ ಮಾಸ್ತರ ಮಾತು ಮುಗಿಸುವವರೆಗೆ ಅಲ್ಲಿ ಯಾರೂ ನಡುವೆ ಬಾಯಿ ಹಾಕಲಿಲ್ಲ. ಹದಿನಾರು ಪುಟ ಅವನೊಬ್ಬನೇ ಮಾತಾಡಿದ. ಅಂಥ ಊರನ್ನು ನಾನು ಕಂಡಿರಲಿಲ್ಲ.

ಅಪ್ಪ ಓದಿ ಮುಗಿಸಿದ ಮೇಲೆ ಪುಸ್ತಕ ನನ್ನದಾಯಿತು. ಮರಿ ಕೋಣೆಯ ಗೋಡೆಯ ಮೇಲೆ ಕೂತು, ಕಾಲು ಒಳಗೆ ಇಳಿಬಿಟ್ಟು, ಮರಿಗಳು ಹಿಮ್ಮಡಿ ಚೀಪುತ್ತಿರುವಾಗ ಅದನ್ನೇ ಓದುತ್ತಿದ್ದೆ. ಆ ಸಲ ಕೋಣೆಯಲ್ಲಿ ಹನ್ನೆರಡು ಮರಿ. ಅದರಲ್ಲಿ ಒಂದು ನಮ್ಮದಲ್ಲ. ನಮ್ಮ ನೆರೆಯ ಕೆಂಚಪ್ಪನ ಹಿಂಡೂ ಕಾಕನ ಹಿಂಡೂ ಕೂಡಿಯೇ ಮೇಯುತ್ತಿದ್ದವು. ಕೆಂಚಪ್ಪನ ಒಂದು ಕುರಿ ಈದು ಸತ್ತಿತ್ತು. ನಮ್ಮ ಬೋಳಿ ಎಂಬ ಕುರಿಗೆ ಹಾಲು ಹೆಚ್ಚಿದ್ದರಿಂದ ಆ ತಬ್ಬಲಿಯನ್ನೂ ಅದರ ಕೆಚ್ಚಲಿಗೆ ಹಚ್ಚಿ, ದೊಡ್ಡದಾಗುವವರೆಗೆ ನಮ್ಮಲ್ಲೇ ಇರಲಿ ಎಂದು ಮಾತಾಗಿತ್ತು. ಬೋಳಿಯ ಸ್ವಂತ ಮರಿ, ಈ ತಬ್ಬಲಿ, ಎರಡೂ ಹೆಣ್ಣು, ಎರಡೂ ಕೆಂಪು ಮುಖದ ಕರಿ ಮರಿಗಳು. ತಬ್ಬಲಿಗೆ ಮುಂಗಾಲ ಮೊಣಕಾಲಿನ ಒಳಗೆ ಜೋಳದ ಕಾಳಿನಷ್ಟು ಬಿಳಿ ಚುಕ್ಕಿ ಇತ್ತು. ಆಗಲೇ ನನಗೆ ಇದು ಗೊತ್ತಿತ್ತೇ, ಆಮೇಲೆ ಗೊತ್ತಾದದ್ದನ್ನು ಅಲ್ಲಿಗೆ ತಂದು ಅಂಟಿಸುತ್ತಿದ್ದೇನೆಯೇ, ಹೇಳಲಾರೆ. ದಿನಾ ಎತ್ತಿ ಆಡಿಸಿದವಳು ನಾನು, ಗೊತ್ತಿದ್ದಿರಲೇಬೇಕು ಎಂದು ವಾದ ಮಾಡಬಹುದು. ಅದು ವಾದ, ನೆನಪಲ್ಲ.

ಮರಿಗಳಿಗೆ ಕಿವಿ ಕೊಯ್ಯುವುದು ನಮ್ಮವರಲ್ಲಿ ಹೆಸರಿಟ್ಟ ಹಾಗೆ. ಒಂದೊಂದು ಮನೆಗೆ ಒಂದೊಂದು ಗುರುತು. ನಮ್ಮದು ಬಲಗಿವಿಯ ತುದಿ ನೇರ ಕತ್ತರಿಸಿ ಕೆಳಗೊಂದು ಕಚ್ಚು, ಕೆಂಚಪ್ಪನದು ಎಡಗಿವಿ ಎರಡು ಸೀಳು. ತಬ್ಬಲಿಗೆ ಆ ಸೀಳು ಹಾಕಬೇಕಾದವನು ಅವನೇ, ಮರಿ ಅವನ ಮನೆಗೆ ಮರಳಿದ ಮೇಲೆ. ಬೇರೆ ಮನೆಗಳಲ್ಲಿ ಗಂಡಸರು ಮಾಡುತ್ತಿದ್ದರು, ನಮ್ಮಲ್ಲಿ ಅಜ್ಜಿ. ಅಜ್ಜ ಸತ್ತ ಮೇಲೆ ಚೂರಿ ಅವಳ ಕೈಗೆ ಬಂದು ಅಲ್ಲೇ ಉಳಿದಿತ್ತು. ಅವಳು ಕಂಬಳಿ ಹಾಸಿ ಕೂರುವಳು, ನಾನು ಒಂದೊಂದೇ ಮರಿ ಎತ್ತಿ ಕೊಡುವೆ. ಅಜ್ಜಿ ನೋಡುತ್ತಿರಲಿಲ್ಲ, ಬೆನ್ನಿನಿಂದ ಬಾಲದವರೆಗೆ ಬೆರಳಾಡಿಸಿ, ಇದು ಇಂಥದರ ಮರಿ ಎಂದು ತಾಯಿಯ ಹೆಸರು ಹೇಳಿ, ಕಿವಿ ಮಡಿಸಿ ಒಂದೇ ಏಟಿಗೆ ಕೊಯ್ದು, ಅರಿಸಿನ ಬೂದಿ ಒತ್ತಿ ಬಿಡುತ್ತಿದ್ದಳು. ಆ ದಿನ ನಾನು ಒಂದು ಕೈಯಲ್ಲಿ ಪುಸ್ತಕ ಹಿಡಿದು, ಇನ್ನೊಂದು ಕೈಯಲ್ಲಿ ಮರಿ ಕೊಡುತ್ತಿದ್ದೆ. ಸಾರು ಮತ್ತೆ ಕುದಿಯುವ ಪುಟದಲ್ಲಿದ್ದೆ. ಬೋಳಿಯ ಮರಿ ಕೊಡು ಅಂದಳು, ಕೊಟ್ಟೆ. ನಮ್ಮದು ಹೌದಲ್ಲ ಎಂದು ಕೇಳಿದಳು, ಹೂಂ ಅಂದೆ. ಅಜ್ಜಿ ಕೊಯ್ದಳು. ಮರಿ ತಲೆ ಒದರಿದಾಗ ರಕ್ತದ ಒಂದು ಹನಿ ಹಾಳೆಯ ಮೇಲೆ ಬಿತ್ತು. ಇಪ್ಪತ್ತು ದಿನಗಳ ಮೇಲೆ ಹೊಟ್ಟೆಯುಬ್ಬರ ಬಂದು, ಎರಡು ಕರಿ ಮರಿಗಳಲ್ಲಿ ಕಿವಿ ಕೊಯ್ಯದ ಮರಿ ಸತ್ತಿತು. ಕೆಂಚಪ್ಪನದು ಹೋಯಿತು ಎಂದು ಎಲ್ಲರೂ ಮರುಗಿದರು. ಇನ್ನೊಬ್ಬರ ಜೀವ ನಮ್ಮಲ್ಲಿ ಸತ್ತರೆ ತೊಗಲನ್ನು ಕಿವಿ ಸಮೇತ ಒಯ್ದು ತೋರಿಸಬೇಕು. ಕಾಕ ಒಯ್ದು ತೋರಿಸಿದ. ಕೆಂಚಪ್ಪ ಕೊಯ್ಯದ ಕಿವಿ ಎರಡನ್ನೂ ಮುಟ್ಟಿ ನೋಡಿ, ಆಯಿತು ಬಿಡಪ್ಪ, ಅದರ ಋಣ ಅಷ್ಟೇ ಅಂದ. ಮೊಣಕಾಲು ಯಾರೂ ನೋಡಲಿಲ್ಲ. ಕಿವಿ ಇರುವಾಗ ನಮ್ಮ ಜನ ಮೊಣಕಾಲು ನೋಡುವವರಲ್ಲ.

ಮುಂದಿನ ವರ್ಷ ಉಣ್ಣೆ ಕತ್ತರಿಸುವ ದಿನ ಕೆಂಚಪ್ಪ ನೋಡಿದ. ಮೈಯ ಉಣ್ಣೆಯೆಲ್ಲ ಇಳಿದು ಬೋಳಾಗಿ ನಿಂತ ಒಂದು ಹರೆಯದ ಕುರಿಯ ಮುಂದೆ ಅವನು ಕತ್ತರಿ ಕೆಳಗಿಟ್ಟು ಕೂತುಬಿಟ್ಟನಂತೆ. ಸತ್ತ ತನ್ನ ಕುರಿಯದೇ ಮುಖ, ಅದರ ಮೊಣಕಾಲಲ್ಲಿದ್ದ ಬಿಳಿ ಚುಕ್ಕಿಯೇ ಇದರ ಮೊಣಕಾಲಲ್ಲೂ. ಕಿವಿಯಲ್ಲಿ ಮಾತ್ರ ನಮ್ಮ ಗುರುತು. ಅವನು ಕೂಗಾಡುವ ಮನುಷ್ಯನಲ್ಲ. ಕಾಕನ ಹತ್ತಿರ ಹೋಗಿ ಮೆಲ್ಲಗೆ ಕೇಳಿದನಂತೆ:

‘ಮೈಲಾರಿ, ನೀ ನನಗ ಅವತ್ತು ತೋರ್ಸಿದ್ದು ಯಾವ ತೊಗಲಪಾ?’

ಅಷ್ಟು ಸಾಕಾಯಿತು. ನಮ್ಮದೇ ಸತ್ತ ಮರಿಯ ತೊಗಲು ತೋರಿಸಿ, ಬದುಕಿದ ಅವನ ಮರಿಯ ಕಿವಿ ಕೊಯ್ದುಕೊಂಡಿದ್ದಾರೆ ಎಂದು ಸಂಜೆಯೊಳಗೆ ಕೇರಿಯೆಲ್ಲ ಮಾತಾಡಿತು. ಕುರಿ ಕದಿಯುವವರು ಇದ್ದರು; ಅವರನ್ನು ಬೈದು, ದಂಡ ಹಾಕಿ, ಮರೆಯುತ್ತಿದ್ದರು. ಆದರೆ ನಂಬಿ ಬಿಟ್ಟ ತಬ್ಬಲಿ ಮರಿಯ ವಿಷಯದಲ್ಲಿ ತೊಗಲು ಬದಲಿಸಿದವನ ಜೊತೆ ಯಾರೂ ಹಿಂಡು ಕೂಡಿಸುವುದಿಲ್ಲ. ಸುಗ್ಗಿಯಾದ ಮೇಲೆ ನಾಲ್ಕೈದು ಮನೆಯವರು ಹಿಂಡು ಕೂಡಿಸಿಕೊಂಡು ಹಡಗಲಿ ದಾಟಿ ಮಾಗಳದ ಹೊಳೆದಂಡೆಗೆ ಹೋಗುತ್ತಿದ್ದರು. ಬೇಸಿಗೆಯಲ್ಲಿ ಕುರಿ ಉಳಿಯುತ್ತಿದ್ದದ್ದೇ ಹಾಗೆ. ಒಬ್ಬನೇ ಹೋದರೆ ಕಾಯಲು ಆಗುವುದಿಲ್ಲ, ಹೋಗದಿದ್ದರೆ ಮೇವಿಲ್ಲ. ಕಾಕನಿಗೆ ಕುರಿ ಬಿಟ್ಟು ಬೇರೇನೂ ಗೊತ್ತಿರಲಿಲ್ಲ. ಶಾಲೆಯ ಮೆಟ್ಟಿಲು ಹತ್ತಿದವನು ಅಪ್ಪ. ಹಿಂಡು ನೋಡಿಕೊಂಡು, ಅಪ್ಪ ಓದಲು ಬಿಡುವು ಮಾಡಿಕೊಟ್ಟವನು ಅವನು.

ಭಾನುವಾರ ಹಿರಿಯರು ನಮ್ಮ ಪಡಸಾಲೆಯಲ್ಲೇ ಸೇರಿದರು. ಹಾಲಪ್ಪಜ್ಜ ಎಂಬ ಮುದುಕ ಅವರಲ್ಲಿ ದೊಡ್ಡವನು. ಮೈಲಾರಲಿಂಗನ ಭಂಡಾರ, ಅಂದರೆ ಪೂಜೆಯ ಅರಿಸಿನ ಪುಡಿಯ ಚೀಲ, ಅವನ ಹೆಗಲಲ್ಲೇ ಇರುತ್ತಿತ್ತು. ಆ ಕುರಿಯನ್ನೂ ತಂದು ಕಂಬಕ್ಕೆ ಕಟ್ಟಿದ್ದರು. ದೊಡ್ಡವರು ಮಾತು ಶುರು ಮಾಡುವ ಮೊದಲೇ ನಾನು ಪುಸ್ತಕ ಹಿಡಿದು ನಡುವೆ ಹೋಗಿ ನಿಂತೆ. ಮೂರು ದಿನದಿಂದ ನನ್ನ ಎದೆ ಡವಗುಟ್ಟುತ್ತಿತ್ತು, ಹೆದರಿಕೆಗಿಂತ ಹೆಚ್ಚಾಗಿ, ಬರೆಯಲು ನಾಚಿಕೆಯಾಗುತ್ತದೆ, ಒಂದು ಬಗೆಯ ಸಂಭ್ರಮಕ್ಕೆ. ಯಾರಿಗೂ ಹೊಳೆಯದ್ದು ನನಗೆ ಹೊಳೆದಿತ್ತು. ಕಾಕನ ತಪ್ಪಿಲ್ಲ, ಓದುತ್ತ ಓದುತ್ತ ನೋಡದೆ ಬೇರೆ ಮರಿ ಕೊಟ್ಟವಳು ನಾನು, ಅಜ್ಜಿಗೆ ಕಣ್ಣು ಸರಿ ಕಾಣುವುದಿಲ್ಲ, ಅದಕ್ಕೆ ಅವಳಿಗೆ ತಿಳಿಯಲಿಲ್ಲ, ನೋಡಿ ಈ ಹಾಳೆಯ ಮೇಲೆ ರಕ್ತ ಇದೆ ಎಂದು ಒಂದೇ ಉಸಿರಿಗೆ ಹೇಳಿದೆ. ‘ಅಜ್ಜಿಗೆ ಕಣ್ಣು ಕಾಣುವುದಿಲ್ಲ’ ಅನ್ನುವಾಗ ಅವಳ ಕಡೆ ನೋಡಲಿಲ್ಲ. ಹಾಳೆ ಕೈಯಿಂದ ಕೈಗೆ ಹೋಯಿತು. ಒಬ್ಬ ಅದು ರಕ್ತವೋ ಎಣ್ಣೆಯೋ ಎಂದು ಮೂಸಿ ನೋಡಿದ. ಇನ್ನೊಬ್ಬ, ಕೊಲೆ ಪುಸ್ತಕ ಅಂದಮೇಲೆ ರಕ್ತ ಇರದೆ ಇನ್ನೇನು ಸಾರು ಇರುತ್ತದೇನು ಅಂದ. ಜನ ನಕ್ಕರು. ಕೆಂಚಪ್ಪ ನಗಲಿಲ್ಲ. ಅವನು ಅಪ್ಪನ ಕಡೆ ತಿರುಗಿದ.

‘ಮಾಸ್ತರ, ಈ ಕೂಸಿಗೆ ಇದನ್ನ ನೀವು ಕಲಿಸಿದ್ದೇನ್ರಿ?’

ಅಪ್ಪನ ಮುಖ ಕೆಂಪೇರಿತು. ಸುಳ್ಳು ಹೇಳಿಕೊಟ್ಟ ಮಾಸ್ತರ ಅನ್ನಿಸಿಕೊಳ್ಳುವುದು ಅವನಿಗೆ ಆಗಿಬರದ ಮಾತು.

‘ನಾ ಕಲಿಸಿಲ್ಲ ಕೆಂಚಪ್ಪ. ಆಕಿ ಕೈಯಾಗಿನ ಪುಸ್ತಕದಾಗ ಹಿಂಗ ಐತಿ. ಒಬ್ಬಾಕಿ ಮುದುಕಿ, ಕಣ್ಣು ಕಾಣಂಗಿಲ್ಲ, ಆಕಿ ಕೈ ತಪ್ಪಿದ್ದಕ್ಕ ಒಬ್ಬ ಬಡವನ್ನ ಹಿಡಿತಾರ. ಅದನ್ನ ಇಲ್ಲಿಗೆ ತಂದ್ಯಾಳ.’

ಅಪ್ಪ ನಂಬಿದ್ದನ್ನೇ ಹೇಳಿದ. ಆ ಕ್ಷಣದಲ್ಲಿ ನನಗೂ ನನ್ನ ಮಾತು ಅಲ್ಲಿಂದಲೇ ಬಂತೇನೋ ಅನ್ನಿಸಿತು, ಈಗಲೂ ಕೆಲವು ದಿನ ಅನ್ನಿಸುತ್ತದೆ. ಕೆಂಚಪ್ಪನ ಮರಿಯೇ ಹೌದು ಎಂದಾದ ಮೇಲೆ, ನಾನು ತಪ್ಪು ಮರಿ ಕೊಟ್ಟಿರಲೇಬೇಕು ಎಂದು ಲೆಕ್ಕ ಹಾಕಿದೆನೋ, ನಿಜವಾಗಿ ಕೈಯ ಕೆಳಗೆ ಆ ಮೊಣಕಾಲು ಹಾದುಹೋದದ್ದು ನೆನಪಾಯಿತೋ. ಆದರೆ ಅವತ್ತು ಹಿಂದೆ ಸರಿಯಲಿಲ್ಲ. ಪುಸ್ತಕದಲ್ಲಿ ಇನ್ನೂ ಒಂದು ದಾರಿ ಇತ್ತು. ಹಾಗಾದರೆ ಅವತ್ತಿನ ಹಾಗೆಯೇ ಮಾಡಿ ನೋಡೋಣ, ಅಜ್ಜಿ ಕಂಬಳಿ ಮೇಲೆ ಕೂರಲಿ, ನಾನು ಮರಿ ಕೊಡುತ್ತೇನೆ, ಅವಳಿಗೆ ಗೊತ್ತಾಗುತ್ತದೋ ಇಲ್ಲವೋ ನೀವೇ ನೋಡಿ ಅಂದೆ. ಹಿರಿಯರಿಗೆ ಇದು ಮೆಚ್ಚಿಗೆಯಾಯಿತು. ಹಾಲಪ್ಪಜ್ಜ ಅಜ್ಜಿಯ ಒಪ್ಪಿಗೆ ಕೇಳಿದ. ಅಜ್ಜಿ ಎದ್ದು ಬಂದು, ಸೆರಗಿನಿಂದ ತಾನೇ ಕಣ್ಣು ಕಟ್ಟಿಕೊಂಡು, ಕಂಬಳಿಯ ಮೇಲೆ ಕೂತಳು. ಆ ಸಲದ ಹೊಸ ಮರಿಗಳು ಕೋಣೆಯಲ್ಲಿದ್ದವು. ಒಂದೊಂದೇ ಕೊಟ್ಟೆ. ಅವಳು ಬೆನ್ನಿನ ಮೇಲೆ ಬೆರಳಾಡಿಸಿ ಹೇಳುತ್ತ ಹೋದಳು:

‘ಇದು ಚಂದ್ರಿ ಮರಿ. ಇದು ಮೋಟಗಿವಿದು. ಇದೂ ಮೋಟಗಿವಿದೇ, ಅವಳಿ. ಇದು ನಮ್ಮದಲ್ಲ, ಹಾಲಪ್ಪನ ಹಿಂಡಿಂದು, ಯಾರೋ ಈಗ ತಂದು ಬಿಟ್ಟೀರಿ.’

ಹಾಲಪ್ಪಜ್ಜ ಪರೀಕ್ಷೆಗೆಂದೇ ತನ್ನ ಒಂದು ಮರಿಯನ್ನು ಕಂಬಳಿಯಲ್ಲಿ ಮುಚ್ಚಿ ತರಿಸಿ ನನ್ನ ಕೈಗೆ ದಾಟಿಸಿದ್ದ. ಒಂದೂ ತಪ್ಪಲಿಲ್ಲ. ಭಲೇ ಮುದುಕಿ ಎಂದು ಜನ ತಲೆದೂಗಿದರು. ಅಜ್ಜಿ ಸೆರಗು ಬಿಚ್ಚಿದಾಗ ಅವಳ ಮುಖದಲ್ಲಿ ಒಂದು ಬೆಳಕಿತ್ತು, ಮರುಗಳಿಗೆಯಲ್ಲಿ ಅದು ಹೋಯಿತು. ಎಲ್ಲರೂ ಕಾಕನ ಕಡೆ ನೋಡುತ್ತಿದ್ದರು. ಅವಳ ಕೈ ತಪ್ಪುವುದಿಲ್ಲ ಎಂದಾದರೆ ತಪ್ಪಿದ್ದು ಬೇರೆಯವರದಾಗಿರಬೇಕು. ನನ್ನ ಪರೀಕ್ಷೆ ಅದೊಂದನ್ನೇ ಸಾಬೀತು ಮಾಡಿತ್ತು.

ಉಳಿದದ್ದು ಆಣೆ. ಅಂಗೈಯಲ್ಲಿ ಭಂಡಾರ ಹಿಡಿದು ‘ನನ್ನ ಹಿಂಡಿನಲ್ಲಿ ಬೇರೆಯವರ ಜೀವ ಇಲ್ಲ’ ಎಂದು ಮೂರು ಸಲ ಹೇಳಬೇಕು. ಹೇಳಿದರೆ ಅಲ್ಲಿಗೆ ಮುಗಿಯಿತು, ಕೆಂಚಪ್ಪನೂ ಮತ್ತೆ ಬಾಯಿ ತೆರೆಯುವಂತಿಲ್ಲ. ಸುಳ್ಳಾದರೆ ನೋಡಿಕೊಳ್ಳುವವನು ಮೈಲಾರಲಿಂಗ. ಹಾಲಪ್ಪಜ್ಜ ಚೀಲ ಬಿಚ್ಚಿ ಕಾಕನ ಕೈಗೆ ಸುರಿದ. ಕಾಕ ಅಂಗೈಯ ಅರಿಸಿನ ನೋಡಿದ, ಕಂಬಕ್ಕೆ ಕಟ್ಟಿದ ಕುರಿಯನ್ನು ನೋಡಿದ. ಹೋಗಿ ಅದರ ಮೊಣಕಾಲು ಮಡಿಸಿ ನೋಡಿದ. ಆಮೇಲೆ ಅರಿಸಿನವನ್ನು ಹುಷಾರಾಗಿ, ಒಂದು ಚಿಟಿಕೆ ಚೆಲ್ಲದೆ, ಚೀಲಕ್ಕೆ ವಾಪಸು ಹಾಕಿದ.

‘ಜೀವ ಐತಿ. ಕಳವಿಲ್ಲ. ಹಂಗಂತ ಆಣಿ ಮಾಡ್ತೀನಿ, ಬೇಕಾದ್ರ ಏಳು ಸಲ ಮಾಡ್ತೀನಿ.’

‘ಹಿರೇರು ಮಾಡಿಟ್ಟ ಮಾತು ಮೈಲಾರಿ, ನಿನಗೊಂದು ನನಗೊಂದು ಕಟ್ಟಾಕ ಬರಂಗಿಲ್ಲ’ ಎಂದು ಹಾಲಪ್ಪಜ್ಜ ಅಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಮುಂದಿನ ಭಾನುವಾರದವರೆಗೆ ಯೋಚನೆ ಮಾಡು ಎಂದು ಎದ್ದರು. ಕೆಂಚಪ್ಪ ತನ್ನ ಕುರಿ ಬಿಚ್ಚಿಕೊಂಡು ಹೋದ. ಅದು ನಮ್ಮ ಬಾಗಿಲಿಗೆ ತಿರುಗಿ ತಿರುಗಿ ಒದರಿತು. ಬೋಳಿ ಹಿತ್ತಲಿನಿಂದ ಓಗೊಟ್ಟಿತು.

ಸಂಜೆ ಅಪ್ಪ ನನ್ನ ಕೈಯಿಂದ ಪುಸ್ತಕ ಇಸಿದುಕೊಂಡು ತೊಲೆಯ ಮೇಲಿಟ್ಟ. ಆಮೇಲೆ ಅದು ಏನಾಯಿತೋ ಗೊತ್ತಿಲ್ಲ. ಹೊಡೆಯಲಿಲ್ಲ. ಅಪ್ಪ, ಕಾಕ ಇಬ್ಬರೂ ಒಂದೇ ಸಾಲಿನಲ್ಲಿ ಕೂತು ಪುಂಡಿ ಪಲ್ಯ ರೊಟ್ಟಿ ಉಂಡರು. ಊಟವಾದ ಮೇಲೆ ಕಾಕ ಹಿತ್ತಲಲ್ಲಿ ಕುರಿಗಳನ್ನು ಎಣಿಸುತ್ತಿದ್ದಾಗ ಹತ್ತಿರ ಹೋಗಿ, ನಾನು ಹೇಳಿದ್ದು ಸುಳ್ಳಲ್ಲ ಅಂದೆ. ಅವನು ಎಣಿಕೆ ಬಿಡದೆ, ಎಣಿಸಿ ಮುಗಿಸಿ, ಆಮೇಲೆ ಹೇಳಿದ:

‘ಖರೇ ಇದ್ರೂ ಇರಬೌದು ಸಾವಿ. ಅದನ್ನ ನಮ್ಮವ್ವನ್ನ ಕೇಳಾಕ ನನ್ನ ಕೈಲಿ ಆಗಂಗಿಲ್ಲ.’

ಮುಂದಿನ ಭಾನುವಾರವೂ ಕಾಕ ಆಣೆಯ ಆ ಮಾತು ಆಡಲಿಲ್ಲ. ಯಾರೂ ಅವನನ್ನು ಬಯ್ಯಲಿಲ್ಲ, ದಂಡ ಹಾಕಲಿಲ್ಲ. ಸುಗ್ಗಿ ಮುಗಿದು ಹಿಂಡುಗಳು ಹೊಳೆಯ ಕಡೆ ಹೊರಟಾಗ ಅವನನ್ನು ಕರೆಯಲಿಲ್ಲ, ಅಷ್ಟೇ. ಒಂದು ತಿಂಗಳು ಒಬ್ಬನೇ ಊರ ಸುತ್ತ ಜಾಲಿಯ ಕಾಯಿ ಉದುರಿಸಿ ಮೇಯಿಸಿದ. ಆಮೇಲೆ ಹೊರಗಿನ ವ್ಯಾಪಾರಿ ಬಂದು ಇಡೀ ಹಿಂಡು ಕೊಂಡು, ಹೊಡೆದುಕೊಂಡು ಹೋದ. ಅಪ್ಪನಿಗೆ ಪರಿಚಯದವರೊಬ್ಬರು ಹಗರಿಬೊಮ್ಮನಹಳ್ಳಿಯಲ್ಲಿ ಒಂದು ಹತ್ತಿ ಗೋದಾಮಿಗೆ ಕಾವಲುಗಾರ ಬೇಕೆಂದರು, ಕಾಕ ಅಲ್ಲಿಗೆ ಹೋದ. ಖಾಕಿ ಅಂಗಿ ಕೊಟ್ಟರು. ಮನೆಗೆ ಬಂದಾಗ ಪಡಸಾಲೆಯಲ್ಲಿ ನೆಂಟರ ಹಾಗೆ ಗೋಡೆಗೊರಗಿ ಕೂರುತ್ತಿದ್ದ. ಮರಿಗಳ ಕೋಣೆಯ ಗೋಡೆ ಒಡೆದು ಅಪ್ಪ ನನಗೆ ಓದುವ ಜಾಗ ಮಾಡಿಕೊಟ್ಟ. ನೆಲ ಎಷ್ಟು ಸಾರಿಸಿದರೂ ಮಳೆ ಬಂದಾಗ ವಾಸನೆ ಏಳುತ್ತಿತ್ತು. ಅಲ್ಲಿ ಕೂತು ಓದಿಯೇ ನಾನು ಮುಂದೆ ಹೋದೆ.

ಇಷ್ಟನ್ನು ಹೇಳಿ ನಿಲ್ಲಿಸಬಹುದಿತ್ತು. ಎರಡು ಸಲವೂ ಇಲ್ಲಿಗೇ ನಿಲ್ಲಿಸಿದ್ದೆ. ಆ ಎರಡು ಭಾನುವಾರಗಳ ನಡುವೆ ಒಂದು ಬೆಳಿಗ್ಗೆ ಇದೆ. ಅದನ್ನು ಮರೆತು ಬಿಟ್ಟದ್ದಲ್ಲ, ಬೇಕೆಂದೇ ಬಿಟ್ಟದ್ದು.

ಗುರುವಾರ ಇರಬೇಕು. ಅಪ್ಪ ಬಸ್ಸಿಗೆ ಹೋಗಿದ್ದ, ಕಾಕ ಹಿಂಡಿನ ಜೊತೆ, ಅವ್ವ ನೀರಿಗೆ. ಭಾನುವಾರದಿಂದ ಅಜ್ಜಿ ಸರಿಯಾಗಿ ಉಂಡಿರಲಿಲ್ಲ. ತಟ್ಟೆಯ ರೊಟ್ಟಿ ಮುರಿದು ಮುರಿದು ನಾಯಿಗೆ ಹಾಕುತ್ತಿದ್ದಳು. ಆ ಬೆಳಿಗ್ಗೆ ಅವಳು ತಲೆಗೆ ನೀರು ಹಾಕಿಕೊಂಡು, ಮದುವೆ ಮುಂಜಿಗೆ ಮಾತ್ರ ಉಡುವ ಹಸಿರು ಇಳಕಲ್ ಸೀರೆ ಉಟ್ಟು, ಹೊಸ್ತಿಲ ಹತ್ತಿರ ಕೂತಿದ್ದಳು. ಅವಳ ಚಪ್ಪಲಿ ಬೀದಿಯ ಕಡೆ ಮುಖ ಮಾಡಿದ್ದವು. ನನ್ನನ್ನು ಕರೆದು ಬಲಗೈ ಚಾಚಿ ತೋರಿಸಿದಳು. ಎರಡು ಬೆರಳ ತುದಿಯಲ್ಲಿ ಚರ್ಮ ನುಣ್ಣಗೆ, ಬೆಳ್ಳಗೆ ಆಗಿತ್ತು.

‘ಹೋದ ವರ್ಷ ಹಂಚಿನ ಮ್ಯಾಲೆ ಬಳ್ಳು ಸುಟಗೊಂಡಿದ್ದೆ, ನೆನಪೈತೇನು? ಕಿವಿ ಕೊಯ್ದ ದಿನ ಈ ಬಳ್ಳಿಗೆ ಅರಿವಿ ಸುತ್ತಿತ್ತು. ಮನ್ನೆ ಅವರ ಮುಂದ ಎಲ್ಲಾ ಹೇಳಿದೆ, ಅವತ್ತು ನನಗೇನೂ ತಿಳೀತಿರಲಿಲ್ಲ. ನಿನ್ನ ಮಾತ ಕೇಳಿ ಕೊಯ್ದೆ. ನಮ್ಮದೇನು ಅಂದೆ, ಹೂಂ ಅಂದಿ. ನೋಡಿ ಅಂದ್ಯೋ, ಸುಮ್ನ ಅಂದ್ಯೋ?’

ಅರಿವೆ ಸುತ್ತಿದ ಬೆರಳು ನನಗೆ ತಟ್ಟನೆ ಕಂಡಿತು. ಬಿಳಿ ಅರಿವೆ, ಅದರ ಮೇಲೆ ಅರಿಸಿನ. ಇದೊಂದು ನೆನಪಿನ ಬಗ್ಗೆ ನನಗೆ ಯಾವತ್ತೂ ಅನುಮಾನ ಬಂದಿಲ್ಲ. ನನ್ನ ಪರೀಕ್ಷೆಯಲ್ಲಿ ನಾನು ಮರೆತದ್ದು ಇದೇ, ಕಾಕನನ್ನು ಬಿಡಿಸುವುದೂ ಇದೇ. ಸುಮ್ಮನೆ ಅಂದೆ ಎಂದು ಎರಡು ಶಬ್ದ ಹೇಳಿದ್ದರೆ ಸಾಕಿತ್ತು. ನಾನು ಅವಳ ಮುಖ ನೋಡಿದೆ. ನಾಲ್ಕು ದಿನದಲ್ಲಿ ಅದು ಚಿಕ್ಕದಾಗಿತ್ತು. ಭಾನುವಾರ ಅಷ್ಟು ಜನರ ಎದುರು ‘ಅಜ್ಜಿಗೆ ಕಣ್ಣು ಕಾಣುವುದಿಲ್ಲ’ ಎಂದವಳು ನಾನು. ಅವಳ ಕೈಯೂ ತಪ್ಪಿತ್ತು ಎಂದು ಅವಳೆದುರೇ ಅನ್ನಲು ನನ್ನಿಂದ ಆಗಲಿಲ್ಲ. ಅಥವಾ ಮತ್ತೆ ನಗಿಸಿಕೊಳ್ಳುವ ಭಯವೋ. ಅಥವಾ ಸುಮ್ಮನೆ, ಅವಳು ಉಣ್ಣಲಿ ಅನ್ನಿಸಿತೋ.

‘ನೋಡೇ ಕೊಟ್ಟಿದ್ದೆ ಅಜ್ಜಿ. ಕಾಕನ್ನ ಬಿಡಿಸಾಕ ಸುಳ್ಳು ಹೇಳಿದೆ.’

ಅಜ್ಜಿ ಎದ್ದಳು. ದೇವರ ಗೂಡಿನಿಂದ ಮನೆಯ ಭಂಡಾರದ ಬಟ್ಟಲು ತಂದು ಮುಂದಿಟ್ಟಳು. ಮುಟ್ಟಿ ಹೇಳು ಅಂದಳು. ನಾನು ಮುಟ್ಟಿ ಹೇಳಿದೆ. ಕಷ್ಟವೇನೂ ಆಗಲಿಲ್ಲ.

ಅವಳು ಎಲ್ಲಿಗೆ ಹೊರಟಿದ್ದಳು ಎಂದು ನನಗೆ ತಿಳಿದಿರಲಿಲ್ಲ ಎಂದು ಬಹಳ ವರ್ಷ ಹೇಳಿಕೊಂಡಿದ್ದೇನೆ. ಆ ಬೆರಳು ತೋರಿಸಲು ಹಾಲಪ್ಪಜ್ಜನ ಮನೆಗಲ್ಲದೆ ಅಂಥ ಸೀರೆ ಉಟ್ಟು ಗುರುವಾರ ಬೆಳಿಗ್ಗೆ ಅವಳು ಇನ್ನೆಲ್ಲಿಗೆ ಹೋಗುತ್ತಿದ್ದಳು? ಅಜ್ಜಿ ಒಳಗೆ ಹೋಗಿ ಹಳೆಯ ಸೀರೆ ಉಟ್ಟುಕೊಂಡು ಬಂದಳು. ಒಲೆ ಹೊತ್ತಿಸಿ ರೊಟ್ಟಿ ಬಡಿದಳು. ಹೊಟ್ಟೆ ಹಸಿದಿದೆ ಅಂದಳು. ಶೇಂಗಾ ಚಟ್ನಿ ಹಚ್ಚಿಕೊಂಡು ಮೂರು ರೊಟ್ಟಿ ಉಂಡಳು, ಹಂಚಿನಿಂದ ಆಗಷ್ಟೇ ಇಳಿದ ಒಂದನ್ನು ನನಗೆ ಕೊಟ್ಟಳು. ಅವಳ ಪಕ್ಕದಲ್ಲಿ ಕೂತು ನಾನೂ ಉಂಡೆ.